ಕಾಫಿ ಬಣ್ಣದ ಗಾಜು

ನನಗೆ ಮೊದಲಿಂದಲೂ ಅನುಮಾನ ಜಾಸ್ತಿ. ನಮ್ಮ ಕಡೆ ತೆಲುಗರ ಬಾಯಲ್ಲಿ ಒಂದು ಮಾತಿದೆ, ಅನುಮಾನಂ ಪೆದ್ದ ರೋಗಂ ಅಂತ, ಅಂದ್ರೆ ಅನುಮಾನ ದೊಡ್ಡ ರೋಗ. ನನ್ನ ಗಂಡ ಅದನ್ನ ದಿನಕ್ಕೆ ಎರಡು ಸಲ ಹೇಳೋನು. ಹೋಟ್ಲಲ್ಲಿ ಕಾಫಿ ಲೋಟ ಮೂಸಿ ನೋಡಿದಾಗ ಒಂದ್ಸಲ, ಮನೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ವಾಪಸ್ ಬಂದು ಜಗ್ಗಿ ನೋಡಿದಾಗ ಇನ್ನೊಂದ್ಸಲ. ಅನ್ಕೊಳ್ಲಿ ಬಿಡಿ. ಹೂಡಿ ಹತ್ತಿರದ ಆ ಹಾಲಿನ ಫಾರಮ್ಮಲ್ಲಿ ಎಂಟು ವರ್ಷ ನನ್ನ ಅನ್ನ ಹುಟ್ಟಿದ್ದೇ ಆ ರೋಗದಿಂದ.

ಹಸು ಬಾಯಿ ಬಿಟ್ಟು ಹೇಳಲ್ಲ ನೋಡಿ. ಅದನ್ನ ಸಾಕೋರು ಪೊಲೀಸ್ನೋರ ಥರ ಇರಬೇಕು. ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡ್ಲೆ ಮೊದಲು ಕೆಲಸ ಮಾಡೋದು ಮೂಗು. ಸಗಣಿ ಹುಳಿ ವಾಸನೆ ಹೊಡೀತಿದ್ರೆ ಹಿಂದಿನ ದಿನ ಯಾರೋ ಬೀರ್ ಫ್ಯಾಕ್ಟರಿ ಹೊಟ್ಟು ಒಂದು ಬುಟ್ಟಿ ಜಾಸ್ತಿ ಸುರಿದಿದ್ದಾರೆ ಅಂತ ಅರ್ಥ. ಆಮೇಲೆ ಗೋದಲಿ. ಹುಲ್ಲು ಮಿಕ್ಕಿದ್ರೆ ಯಾರು ಮಿಕ್ಕಿಸಿದ್ದು, ಯಾಕೆ? ಎಲ್ಲವೂ ಮಲಗಿ ಮೆಲುಕು ಹಾಕ್ತಿರೋವಾಗ ಒಂದು ಮಾತ್ರ ಯಾಕೆ ನಿಂತಿದೆ? ಕಿವಿ ಬುಡ ಹಿಡಿದು ನೋಡಬೇಕು, ತಣ್ಣಗಿದ್ರೆ ಒಂದು ಕಥೆ, ಸುಡ್ತಿದ್ರೆ ಇನ್ನೊಂದು ಕಥೆ. ಕರೆಯೋಕೆ ಮುಂಚೆ ನಾಲ್ಕೂ ಮೊಲೆಯ ಮೊದಲ ಹಾಲನ್ನ ಕರೀ ಬಟ್ಟೆ ಮೇಲೆ ಹಿಂಡಿ, ಒಡೆದ ಚೂರೇನಾದ್ರೂ ಕಾಣುತ್ತಾ ಅಂತ ಬಗ್ಗಿ ನೋಡ್ತಿದ್ದೆ. ಕಂಡ್ರೆ ಕೆಚ್ಚಲು ಬಾವು ಶುರು ಅಂತ. ನಾನು ಹಿಡಿದ ಕೆಚ್ಚಲು ಬಾವು ಒಂದೂ ಸುಳ್ಳಾಗಿಲ್ಲ. ಇದನ್ನ ಜಂಬ ಅಂತ ಬೇಕಾದ್ರೂ ಅನ್ನಿ.

ಫಾರಮ್ ಅಂದ್ರೆ ದೊಡ್ಡದೇನಲ್ಲ. ಹದಿನಾಲ್ಕು ಹಸು, ಉದ್ದಕ್ಕೆ ಒಂದು ಶೀಟಿನ ಕೊಟ್ಟಿಗೆ, ಅದರ ತುದಿಗೆ ಒಂದು ರೂಮು, ಹಿಂದೆ ಮುಸುಕಿನ ಜೋಳದ ಹೊಲ. ಊರಿನ ಹಳೇ ಒಕ್ಕಲು ಮನೆಯೋರದು. ಆಚೆ ಕಡೆ ರಸ್ತೇಲಿ ಜಲ್ಲಿ ಲಾರಿ ಓಡಾಡೋಕೆ ಶುರುವಾಗಿದ್ದ ಕಾಲ, ತೊಂಬತ್ತರ ಮೊದಮೊದಲ ವರ್ಷಗಳು. ಲಾರಿ ಧೂಳು ಜೋಳದ ಗರಿ ಮೇಲೆ ಕೂತ್ಕೊಂಡು ಹಸುಗಳಿಗೆ ಕೆಮ್ಮು ಬರೋದು. ಫಾರಮ್ ಯಜಮಾನ್ರು ಒಳ್ಳೇರೇ, ಆದ್ರೆ ಬಾಯಲ್ಲಿ ಬಂದದ್ದು ಬಂದ ಹಾಗೆ. ಅವರ ತಾಯೀನ ನಾವೆಲ್ಲ ದೊಡ್ಡವ್ವ ಅಂತಿದ್ವಿ. ನಿಜವಾದ ಯಜಮಾನಿಕೆ ಆಯಮ್ಮಂದೇ.

ಹಾಲು ಕರೆಯೋರು ನಾವಿಬ್ಬರು ಹೆಂಗಸರು. ಏಳು ಹಸು ನನಗೆ, ಏಳು ಆಕೆಗೆ. ಆಕೆ ನನಗಿಂತ ನಾಲ್ಕೈದು ವರ್ಷ ದೊಡ್ಡೋಳು, ಅಕ್ಕ ಅಂತಲೇ ಕರೀತಿದ್ದೆ. ಆಕೆ ಗಂಡ ಅದೇ ಫಾರಮ್ಮಲ್ಲಿ ಮೇವು ಕತ್ತರಿಸೋದು, ಗಂಜಲ ತೊಳೆಯೋದು, ಹೊಟ್ಟಿನ ಟೆಂಪೋ ಇಳಿಸೋದು ಮಾಡ್ಕೊಂಡಿದ್ದ. ಕೊಟ್ಟಿಗೆ ತುದಿ ರೂಮು ಅವರಿಬ್ಬರಿಗೆ. ನಾನು, ನನ್ನ ಗಂಡ ಊರೊಳಗೆ ಬಾಡಿಗೆ ಮನೇಲಿದ್ವಿ, ಕತ್ತಲಲ್ಲೇ ಎದ್ದು ನಡೆದು ಬರಬೇಕು. ಆ ರೂಮಿನ ಮೇಲೆ ನನಗೆ ಕಣ್ಣಿತ್ತು. ಇದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ನೀವೇ ಕಂಡುಹಿಡಿದು ನನ್ನ ಮೇಲೆ ಅನುಮಾನ ಪಡೋದು ಬೇಡ.

ಆಕೆಯ ಏಳು ಹಸುಗಳಲ್ಲಿ ಒಂದಕ್ಕೆ ಹಣೆ ಮೇಲೆ ಬಿಳೀ ಮಚ್ಚೆ. ಚುಕ್ಕಿ ಹಸು ಅಂತಿದ್ವಿ. ಇಡೀ ಕೊಟ್ಟಿಗೇಲಿ ಜಾಸ್ತಿ ಹಾಲು ಅದರದ್ದೇ, ಹೊತ್ತಿಗೆ ಎಂಟು ಲೀಟರ್. ಆ ಸಲ ಈದಾಗ ಕರು ಮೂರನೇ ದಿನಕ್ಕೆ ಸತ್ತುಹೋಯ್ತು. ಕರು ಸತ್ತ ಹಸು ಅಷ್ಟು ಸುಲಭಕ್ಕೆ ಸೊರ ಬಿಡಲ್ಲ. ಸೊರ ಬಿಡೋದು ಅಂದ್ರೆ ಕೆಚ್ಚಲಲ್ಲಿರೋ ಹಾಲನ್ನ ಹಸು ತಾನಾಗಿ ಮೊಲೆಗೆ ಇಳಿಸೋದು. ಅದು ಇಳಿಸದೇ ಇದ್ರೆ ನೀವು ಎಷ್ಟೇ ಎಳೀರಿ, ಚೊಂಬಿನ ತಳ ಒದ್ದೆ ಆಗುತ್ತೆ ಅಷ್ಟೆ. ಆಕೆ ಮಾತ್ರ ನಾಲ್ಕು ದಿನದಲ್ಲಿ ಅದನ್ನ ಒಲಿಸ್ಕೊಂಡ್ಲು. ಏನು ಮಾಡ್ದೆ ಅಂತ ಕೇಳಿದೆ.

"ಏನಿಲ್ಲ ಕಣೇ, ಮಾತಾಡಿಸ್ದೆ," ಅಂದ್ಲು.

ಮಾತಾಡಿಸಿದ್ಲಂತೆ! ನಾನೇನು ಹಸು ಜೊತೆ ಜಗಳ ಆಡ್ತಿದ್ನಾ? ಹೇಳೋಕೆ ಇಷ್ಟ ಇಲ್ಲ ಅಂದ್ಕೊಂಡು ಮನಸ್ಸಲ್ಲಿ ಒಂದು ಗಂಟು ಹಾಕಿಟ್ಕೊಂಡೆ.

ಅದೇ ವರ್ಷ ಮಳೆ ಶುರುವಾಗೋ ಹೊತ್ತಿಗೆ ಆಕೆ ಗಂಡ ಜ್ವರ ಅಂತ ಮಲಗಿದೋನು ಆರು ದಿನಕ್ಕೆ ಹೋಗಿಬಿಟ್ಟ. ಇನ್ನೂ ನಲವತ್ತು ದಾಟಿರಲಿಲ್ಲ. ಹನ್ನೊಂದನೇ ದಿನ ಆಕೆಯ ಕುಂಕುಮ ಅಳಿಸಿ, ಬಳೆ ಒಡೆದ್ರು. ನಾನು ಅಲ್ಲೇ ಇದ್ದೆ. ಆಕೆ ಅಳಲಿಲ್ಲ. ಕೈ ಮುಂದೆ ಚಾಚಿ ಗೋಡೆ ಕಡೆ ನೋಡ್ಕೊಂಡು ಕೂತಿದ್ಲು.

ಆ ಹನ್ನೊಂದು ದಿನ ಹದಿನಾಲ್ಕು ಹಸೂನೂ ನಾನೇ ಕರೆದೆ. ಬೆರಳು ಊದ್ಕೊಂಡು ರಾಗಿ ಮುದ್ದೆ ಮುರಿಯೋಕೂ ಆಗ್ತಿರಲಿಲ್ಲ. ಚುಕ್ಕಿ ಹಸು ನನಗೆ ಎರಡು ಲೀಟರಿನ ಮೇಲೆ ಒಂದು ಹನಿ ಕೊಡಲಿಲ್ಲ. ಕೈ ಬದಲಾಗಿದೆ, ಅದಕ್ಕೇ ಅಂತ ಎಲ್ಲರೂ ಅಂದ್ಕೊಂಡ್ವಿ. ಹನ್ನೆರಡನೇ ದಿನ ದೊಡ್ಡವ್ವ, "ಅಳೋದು ಇದ್ದೇ ಐತೆ, ಹಸು ಕಾಯಕಿಲ್ಲ, ಬಾ," ಅಂತ ಹೇಳಿ ಕಳಿಸಿದ್ರು. ಆಕೆ ಬಂದ್ಲು, ಕೂತ್ಲು, ಚೊಂಬು ಮಂಡಿ ಮಧ್ಯ ಇಟ್ಕೊಂಡ್ಲು. ಹಸು ಕತ್ತು ತಿರುಗಿಸಿ ಒಂದು ಸಲ ನೋಡ್ತು, ಕಾಲು ಎತ್ತಿ ಝಾಡಿಸಿ ಒದೀತು. ಚೊಂಬು ಗಂಜಲದ ಕಾಲುವೆಗೆ ಹೋಗಿ ಬಿತ್ತು. ಆಕೆ ಕೈಗೂ ಎರಡು ಲೀಟರಿನ ಮೇಲೆ ಬರಲಿಲ್ಲ.

ಒಂದು ದಿನ ಆಯ್ತು, ಎರಡು ದಿನ ಆಯ್ತು, ವಾರ ಆಯ್ತು. ನಾನು ನನ್ನ ಕೆಲಸ ಶುರು ಮಾಡಿದೆ. ಕೆಚ್ಚಲು ಹಿಸುಕಿ ನೋಡಿದೆ, ಬಾವು ಇಲ್ಲ. ತಿನ್ನೋಕೆ ಹಾಕೋ ಹಿಂಡಿ ಮೂಸಿದೆ, ಬೂಷ್ಟು ಇಲ್ಲ. ಬೇರೆ ಹಸು ಬಂದು ಮೊಲೆ ಚೀಪ್ತಿರಬಹುದು ಅಂತ ಅದರ ಪಕ್ಕದ್ದನ್ನ ಬೇರೆ ಕಡೆ ಕಟ್ಟಿಸಿದೆ. ಹಾವೇನಾದ್ರೂ ಬಂದು ಹಾಲು ಕುಡೀತಿದ್ಯಾ ಅಂತ ಯಜಮಾನ್ರು ಕೇಳಿದ್ರು. ಓದಿದೋರು ಅಂಥ ಮಾತಾಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಉಳಿದ ಆರು ಹಸು ಆಕೆಗೆ ಸರಿಯಾಗೇ ಕೊಡ್ತಿದ್ವು. ಇದೊಂದಕ್ಕೆ ಏನು ಬಂತು ರೋಗ?

ದೊಡ್ಡವ್ವಂಗೆ ಉತ್ತರ ಸಿಕ್ಕಿಬಿಟ್ಟಿತ್ತು. "ಕೈಗುಣ ಕಣೇ," ಅಂದ್ರು ನನ್ನ ಹತ್ರ. "ಗಂಡನ್ ತಿಂದ್ಕಂಡ ಕೈ. ಹಸುಗೆ ಗೊತ್ತಾಯ್ತದೆ."

ದೊಡ್ಡವ್ವನೂ ಗಂಡ ಹೋದೋರೇ. ಮೂವತ್ತು ವರ್ಷದಿಂದ ಬರಿಗೈ. ಅವರ ಬಾಯಲ್ಲೇ ಆ ಮಾತು ಬಂತಲ್ಲ ಅಂತ ನನಗೆ ಒಂಥರಾ ಆಯ್ತು. ಆದ್ರೂ ನಾನು ತಲೆ ಆಡಿಸಿದೆ. ಆಡಿಸಬಾರದಿತ್ತು, ಆಡಿಸಿದೆ.

ಯಜಮಾನ್ರು ಕೈಗುಣ ಗೀಗುಣ ಅನ್ನಲಿಲ್ಲ, ಆಕೇನ ಕರೆದು ನೇರವಾಗೇ ಹೇಳಿದ್ರು. ಮೇವು ಕತ್ತರಿಸೋಕೆ ಹೇಗೂ ಗಂಡಾಳು ಬೇಕು, ಹೊಸೂರು ಕಡೆಯಿಂದ ಗಂಡ ಹೆಂಡ್ತಿ ಇಬ್ಬರೂ ಬರ್ತೀವಿ ಅಂತಿದ್ದಾರೆ, ಗಂಡ ಮೇವಿಗೆ, ಹೆಂಡ್ತಿ ಹಾಲಿಗೆ. ಅವರಿಗೆ ರೂಮು ಬೇಕು. ಚುಕ್ಕಿ ಹಸು ಸರಿಹೋದ್ರೆ ನೀನು ಇರು, ಮೇವಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ಸರಿಹೋಗದಿದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಅಂದ್ರು. ಆಕೆಗೆ ಆ ಕೊಟ್ಟಿಗೆ ಬಿಟ್ರೆ ಹೋಗೋಕೆ ಜಾಗ ಇರಲಿಲ್ಲ. ತವರಲ್ಲಿ ಅಣ್ಣ ಅತ್ತಿಗೆ ಇದ್ರು, ಹನ್ನೊಂದನೇ ದಿನದ ಊಟ ಮುಗಿಸಿ ಬಸ್ಸು ಹತ್ತಿದೋರು, ಬಾ ಅಂತ ಒಂದು ಮಾತು ಅಂದಿರಲಿಲ್ಲ.

ಇದಾಗಿ ಮೂರು ದಿನಕ್ಕೆ ಚುಕ್ಕಿ ಹಸು ಎಂಟು ಲೀಟರ್ ಕೊಡ್ತು.

ಎಲ್ಲರಿಗೂ ಖುಷಿ. ನನಗೆ ಮಾತ್ರ ಲೆಕ್ಕ ತಾಳೆ ಆಗಲಿಲ್ಲ. ಎರಡು ಲೀಟರಿನ ಹಸು ಒಂದೇ ಹೊತ್ತಿಗೆ ಎಂಟಕ್ಕೆ ಹೇಗೆ ಹಾರುತ್ತೆ? ಮೂರು, ನಾಲ್ಕು, ಐದು ಅಂತ ಏರಬೇಕಲ್ವಾ? ನೀರು ಬೆರೆಸಿದ್ಲಾ ಅಂತ ಒಂದು ಹನಿ ಉಗುರ ಮೇಲೆ ಇಟ್ಟು ನೋಡಿದೆ. ಹರೀಲಿಲ್ಲ, ಮುತ್ತಿನ ಥರ ಕೂತಿತ್ತು. ಹಾಲು ಅಪ್ಪಟ. ಅದಕ್ಕೇ ಅನುಮಾನ ಇನ್ನೂ ಜಾಸ್ತಿ ಆಯ್ತು.

ಆಮೇಲೆ ಆಕೆ ಹೊಸ ಪದ್ಧತಿ ಶುರು ಮಾಡಿದ್ಲು. ಚುಕ್ಕಿ ಹಸೂನ ಕೊನೆಗೆ ಕರೆಯೋದು, ಅದೂ ನಾನು ಕ್ಯಾನು ಎತ್ಕೊಂಡು ಆಚೆ ಹೋದ ಮೇಲೆ. "ಜನ ಇದ್ರೆ ಬೆದರ್ತದೆ ಕಣೇ, ನೀನು ಓಗಿರು," ಅನ್ನೋಳು. ನಾನು ಜನವಾ? ಇಷ್ಟು ವರ್ಷ ಅದರ ಸಗಣಿ ಬಾಚಿದೋಳು ಈಗ ಜನ ಆಗ್ಬಿಟ್ನಾ?

ಇನ್ನೊಂದು. ಆಕೆ ಸೊಂಟದಲ್ಲಿ ಯಾವಾಗಲೂ ಎಲೆ ಅಡಿಕೆ ಚೀಲ ಇರೋದು. ಮುಂಚೆ ಎಲ್ಲರ ಮುಂದೂ ಬಿಚ್ಚಿ ಹರಡಿ, ನನಗೂ ಒಂದು ಎಲೆ ಮಡಚಿ ಕೊಡೋಳು. ಈಗ ಬಿಚ್ತಾನೇ ಇರಲಿಲ್ಲ. ಆದ್ರೆ ಚೀಲ ದಪ್ಪಗಿತ್ತು. ಬೇಕಂತಲೇ ಕೇಳಿದೆ, "ಅಕ್ಕ, ಒಂದೆಲೆ ಕೊಡೇ."

"ಎಲೆ ಮುಗಿದೈತೆ."

"ನಿನ್ ಬಾಯಿ ಕೆಂಪಗೈತಲ್ಲ?"

"ಅದು ಬೆಳಗ್ಗಿಂದು," ಅಂತ ಅಂದು ಎದ್ದು ಹೋದ್ಲು. ಹೋಗೋವಾಗ ಸೊಂಟದಿಂದ ಒಂದು ಸಣ್ಣ ಸದ್ದು ಬಂತು. ಗಾಜಿಗೆ ಗಾಜು ತಾಗಿದ ಸದ್ದು.

ಆ ಸದ್ದು ನನ್ನ ಕಿವೀಲೇ ಉಳೀತು. ಯಾಕೆ ಅಂತ ಹೇಳ್ತೀನಿ. ಆ ಕಾಲದಲ್ಲಿ ನಮ್ಮ ಸುತ್ತಮುತ್ತ ಹಾಲಿನೋರಿಗೆ ಒಂದು ಸೂಜಿ ಅಭ್ಯಾಸ ಹತ್ತಿತ್ತು. ಬೆರಳುದ್ದದ ಗಾಜಿನ ಸೀಸೆ, ಅದರ ಕತ್ತು ಮುರಿದು ಔಷಧಿ ಎಳ್ಕೊಂಡು ಹಸುವಿನ ತೊಡೆಗೆ ಚುಚ್ಚಿದ್ರೆ ಸೊರ ಧಡಾರಂತ ಇಳಿಯೋದು. ಆಮೇಲೆ ಹಸು ಸೂಜಿ ಇಲ್ಲದೆ ಕೊಡಲ್ಲ, ಸರಿಯಾಗಿ ಗಬ್ಬಾನೂ ಕಟ್ಟಲ್ಲ. ನಮಗಿಂತ ಮುಂಚೆ ಇದ್ದ ಒಬ್ಬ ಹಾಲು ಕರೆಯೋನು ಹಾಗೆ ಮಾಡಿ ಯಜಮಾನ್ರ ಎರಡು ಹಸು ಕೆಡಿಸಿದ್ದ. ಸೂಜಿ ಕಂಡ್ರೆ ಅವತ್ತೇ ಗೇಟಾಚೆ ಅಂತ ಯಜಮಾನ್ರು ಆಣೆ ಹಾಕಿದ್ರು.

ಮಾರನೇ ದಿನ ಚುಕ್ಕಿ ಹಸು ಕಾಲ ಹತ್ರ ಹುಲ್ಲು ಗುಡಿಸ್ತಿದ್ದಾಗ ಏನೋ ಮಿಂಚ್ತು. ಎತ್ತಿ ನೋಡಿದೆ. ಅಕ್ಕಿ ಕಾಳಿನಷ್ಟುದ್ದ, ಕೊಂಚ ಬಾಗಿದ, ಕಾಫಿ ಬಣ್ಣದ ಗಾಜಿನ ಚೂರು. ಔಷಧಿ ಸೀಸೆ ಬಣ್ಣವೂ ಅದೇ. ಸಿಕ್ಕಿಬಿದ್ಯಲ್ಲ ಅಕ್ಕ ಅಂದ್ಕೊಂಡೆ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ?

ಚೂರನ್ನ ಸೆರಗಿನ ತುದಿಗೆ ಕಟ್ಕೊಂಡು ನೇರ ದೊಡ್ಡವ್ವನ ಹತ್ರ ಹೋದೆ. "ಸೂಜಿ ಇರಬಹುದು ಅವ್ವಾ," ಅಂದೆ. ಇರಬಹುದು ಅಂತಲೇ ಅಂದಿದ್ದು. ಅವರು ನಾಲ್ಕು ಪ್ರಶ್ನೆ ಕೇಳೋಷ್ಟರಲ್ಲಿ ಆ ಇರಬಹುದು ನನ್ನ ಬಾಯಿಂದ ಬಿದ್ದುಹೋಗಿ ಬರೀ ಸೂಜಿ ಉಳೀತು. ಹೇಳ್ತಾ ಹೇಳ್ತಾ ನನ್ನ ತಲೆ ಒಳಗೆ, ಹೊಸೂರಿನೋರಿಗಿಂತ ಮುಂಚೆ ನಾವೇ ಕೇಳ್ಕೊಂಡ್ರೆ ಆ ರೂಮಲ್ಲಿ ಮಂಚ ಎಲ್ಲಿ ಹಾಕೋದು, ಒಲೆ ಎಲ್ಲಿ ಇಡೋದು ಅಂತ ನಡೀತಿತ್ತು. ಈಗ ನೆನೆಸ್ಕೊಂಡ್ರೆ ನನ್ನ ಮೇಲೆ ನನಗೇ ಥೂ ಅನ್ಸುತ್ತೆ.

"ಮಗನಿಗೆ ಈಗ್ಲೇ ಹೇಳ್ಬೇಡ," ಅಂದ್ರು ದೊಡ್ಡವ್ವ. "ಕಣ್ಣಾರೆ ನೋಡಾಣ."

ಮಧ್ಯಾಹ್ನದ ಹಾಲು ಮೂರು ಗಂಟೆಗೆ. ಯಜಮಾನ್ರು ಪೇಟೆಗೆ ಹೋಗಿದ್ರು. ನಾನು ದಿನಾ ಹೋಗೋ ಹಾಗೆ ಕ್ಯಾನು ಎತ್ಕೊಂಡು ಆಚೆ ಹೋದೆ, ಹಿಂದಿನಿಂದ ಸುತ್ತಾಕೊಂಡು ಮೇವು ಕತ್ತರಿಸೋ ಜಾಗಕ್ಕೆ ಬಂದೆ. ಅಲ್ಲಿ ಗಾಳಿ ಆಡಲಿ ಅಂತ ಕೊಟ್ಟಿಗೆ ಗೋಡೇಲಿ ತೂತು ಬಿಟ್ಟು ಇಟ್ಟಿಗೆ ಕಟ್ಟಿದ್ರು. ದೊಡ್ಡವ್ವ ಒಂದು ತೂತಿಗೆ ಕಣ್ಣಿಟ್ರು, ನಾನು ಇನ್ನೊಂದಕ್ಕೆ.

ಆಕೆ ಕೆಚ್ಚಲು ತೊಳೆದ್ಲು. ಬಾಗಿಲ ಕಡೆ ಒಂದು ಸಲ ನೋಡಿದ್ಲು. ಸೊಂಟದ ಚೀಲ ತೆಗೆದ್ಲು, ಒಳಗಿಂದ ಒಂದು ಬಟ್ಟೆ ಗಂಟು ತೆಗೆದ್ಲು. ನಾನು ದೊಡ್ಡವ್ವನ ಮೊಣಕೈ ಹಿಡ್ಕೊಂಡೆ, ನೋಡಿ, ನೋಡಿ ಅಂತ. ಗಂಟು ಬಿಚ್ಚಿದ್ಲು.

ಬಳೆ.

ಕಾಫಿ ಬಣ್ಣದ ಗಾಜಿನ ಬಳೆ, ಡಜನ್ನಿಗೆ ಒಂದು ಕಮ್ಮಿ. ಆರು ಆ ಕೈಗೆ, ಐದು ಈ ಕೈಗೆ ಏರಿಸ್ಕೊಂಡ್ಲು. ಅವಸರಕ್ಕೆ ಮುಂಗೈ ಗೆಣ್ಣು ಕೆಂಪಾಯ್ತು. ಆಮೇಲೆ ಹಸುವಿನ ಹೊಟ್ಟೆ ಹತ್ರ ಎರಡೂ ಕೈ ಹಿಡಿದು ಮೆಲ್ಲಗೆ ಗಲ್ ಅನ್ನಿಸಿದ್ಲು, ಒಂದ್ಸಲ, ಎರಡ್ಸಲ. ಚುಕ್ಕಿ ಹಸು ಕಿವಿ ಹಿಂದಕ್ಕೆ ತಿರುಗ್ತು. ಹಿಂಗಾಲು ಒಂಚೂರು ಹಿಂದೆ ಇಡ್ತು. ಆಕೆ ಇನ್ನೂ ಮೊಲೆ ಮುಟ್ಟಿರಲಿಲ್ಲ, ಹಾಲು ತಾನೇ ತೊಟ್ಟಿಕ್ಕೋಕೆ ಶುರುವಾಯ್ತು.

ಕರು ಸತ್ತಾಗ ಆಕೆ ಮಾತಾಡಿಸ್ದೆ ಅಂದಿದ್ದು ಇದನ್ನೇ. ಕರು ಇಲ್ಲದ ಹಸುಗೆ ಬಳೆ ಸದ್ದನ್ನೇ ಕರು ಮಾಡಿ ಕೊಟ್ಟಿದ್ಲು. ಹನ್ನೊಂದನೇ ದಿನ ನಾವೆಲ್ಲ ಸೇರಿ ಆ ಕರೂನ ಇನ್ನೊಂದು ಸಲ ಸಾಯಿಸಿದ್ವಿ. ನಾನು ನನ್ನ ಕೈ ನೋಡ್ಕೊಂಡೆ. ಅವೇ ಬಳೆ. ಹಿಂದಿನ ವರ್ಷದ ಗೌರಿ ಹಬ್ಬಕ್ಕೆ ದೊಡ್ಡವ್ವ ನಮ್ಮಿಬ್ಬರಿಗೂ ಎರಡೆರಡು ಡಜನ್ ಕೊಟ್ಟಿದ್ರು, ಒಂದೇ ಬಣ್ಣದ್ದು. ಆಕೆ ಎರಡನೇ ಡಜನ್ ತೊಡದೆ ಪೆಟ್ಟಿಗೇಲಿ ಇಟ್ಟಿದ್ಲು. ಊರೆಲ್ಲ ಅನುಮಾನದಿಂದ ನೋಡೋಳಿಗೆ ತನ್ನ ಮುಂಗೈ ಮೇಲಿರೋ ಗಾಜು ಕಾಣಲಿಲ್ಲ.

ಇಷ್ಟಕ್ಕೆ ವಾಪಸ್ ಹೋಗಿಬಿಡೋಣ ಅಂತ ದೊಡ್ಡವ್ವನ ಸೆರಗು ಎಳೆದೆ. ಅವರು ಆಗಲೇ ಬಾಗಿಲ ಕಡೆ ಹೆಜ್ಜೆ ಹಾಕಿ ಆಗಿತ್ತು.

ಆಕೆ ನಮ್ಮನ್ನ ನೋಡಿದ್ಲು. ಕೈ ನಿಲ್ಲಿಸಲಿಲ್ಲ. ಸೊರ ಇಳಿದ ಮೇಲೆ ಕೈ ನಿಲ್ಲಿಸಬಾರದು, ನಿಲ್ಲಿಸಿದ್ರೆ ಹಸು ಹಾಲು ಮೇಲಕ್ಕೆ ಎಳ್ಕೊಂಡುಬಿಡುತ್ತೆ. ಕಣ್ಣಿಂದ ನೀರು ಧಾರಾಕಾರ, ಕೈ ಮಾತ್ರ ಚರ್ ಚರ್ ಅಂತ ಒಂದೇ ಲಯಕ್ಕೆ. ದೊಡ್ಡವ್ವನೂ ಹಸು ಸಾಕಿದೋರು, ಗೊತ್ತಿತ್ತು. ಕೊನೇ ಹನಿವರೆಗೂ ಕಂಬದ ಥರ ನಿಂತಿದ್ರು. ಆಮೇಲೆ ಅಂದ್ರು, "ತೆಗಿ."

ಆಕೆ ಬಳೆ ತೆಗೆದ್ಲು.

"ಗಂಡ ಸತ್ತೋಳು ಬಳೆ ಆಕ್ಕಂಡು ನಮ್ ಕೊಟ್ಟಿಗೇಲಿ ಕುಂತ್ರೆ ನಮ್ಮನೆಗೇನಾಗ್ಬೇಕೇ? ನನ್ ಕೈ ನೋಡು. ಮೂವತ್ತು ವರ್ಸ. ನನಗೇನು ಆಸೆ ಇರ್ನಿಲ್ವಾ?"

"ಆಸೆಗಲ್ಲ ಅವ್ವಾ," ಅಂದ್ಲು ಆಕೆ. "ಅದು ಕೇಳ್ತದೆ." ಹಸು ಕಡೆ ಕೈ ತೋರಿಸಿದ್ಲು.

"ಊರೋರು ಬಂದು ಹಸುನ ಕೇಳಕಿಲ್ಲ. ನನ್ನ ಕೇಳ್ತಾರೆ."

ದೊಡ್ಡವ್ವ ಕೆಟ್ಟೋರಲ್ಲ. ಹಸುಗೆ ಸದ್ದು ತಾನೇ ಬೇಕಿರೋದು ಅಂತ ಮಾರನೇ ದಿನ ಆ ಬಳೆನ ದಾರಕ್ಕೆ ಪೋಣಿಸಿ ಚೊಂಬಿನ ಕತ್ತಿಗೆ ಕಟ್ಟಿಸಿದ್ರು. ಹಸು ನಗಾಡಿಕೊಳ್ತೋ ಏನೋ, ಚೊಂಬನ್ನ ಬಳೆ ಸಮೇತ ಒದ್ದು ಗೋಡೆಗೆ ಎಸೀತು. ಕೈ ಆಡಿದ ಹಾಗೆ ಆಡದೆ ಇರೋ ಬಳೆ ಅದಕ್ಕೆ ಬಳೆ ಅಲ್ಲ. ಬಳೆ ತೊಟ್ಟಿರೋ ನಾನೇ ಕರೆಯೋಕೆ ಕೂತೆ, ನನ್ನ ಬೆರಳು ಅದಕ್ಕೆ ಒಗ್ಗಲಿಲ್ಲ. ಆ ಕೈಯೂ ಬೇಕು, ಆ ಸದ್ದೂ ಬೇಕು. ಮತ್ತೆ ಎರಡು ಲೀಟರ್.

ಹಾಲು ಮತ್ತೆ ಕಮ್ಮಿಯಾದ ಕೂಡ್ಲೆ ಯಜಮಾನ್ರು ಹೇಳಿಬಿಟ್ರು. ಭಾನುವಾರ ಹೊಸೂರಿನೋರು ಬರ್ತಾರೆ, ರೂಮು ಖಾಲಿ ಮಾಡು. ಬಳೆ ವಿಚಾರ ದೊಡ್ಡವ್ವ ಮಗನಿಗೆ ಹೇಳಿರಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ್ರು. ಆಕೆ ಪಾತ್ರೆ ಗೋಣಿಚೀಲಕ್ಕೆ ತುಂಬೋಕೆ ಶುರು ಮಾಡಿದ್ಲು.

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಾನು ಬಾಯಿ ಮುಚ್ಕೊಂಡಿದ್ರೆ ಆಕೆ ಆ ಗಂಟು ಬಿಚ್ಚಿಕೊಂಡು, ಕಟ್ಟಿಕೊಂಡು, ಹಸು ಬತ್ತೋವರೆಗೂ ಹೇಗೋ ದಾಟ್ಕೊಂಡುಬಿಡ್ತಿದ್ಲು. ನನಗೆ ಅನ್ನ ಸೇರಲಿಲ್ಲ. ಗಂಡ, "ಏನೇ ಇವತ್ತು ಬೀಗ ಜಗ್ಗಿ ನೋಡ್ಲಿಲ್ಲ?" ಅಂತ ಕೇಳಿದ. ನಾನು ಅತ್ತುಬಿಟ್ಟೆ.

ಗುರುವಾರ ಬೆಳಗ್ಗೆ ದೊಡ್ಡವ್ವನ ಮುಂದೆ ನಿಂತೆ. "ಅವ್ವಾ, ಬಳೆ ನನ್ ಕೈಲಿರ್ಲಿ. ಕರೆಯೋದು ಅಕ್ಕನೇ ಕರೀಲಿ. ನಾನು ಪಕ್ಕ ಕೂತು ಆಡಿಸ್ತೀನಿ."

ದೊಡ್ಡವ್ವ ನಕ್ಕುಬಿಟ್ರು. "ಥೂ ನಿನ್ನ, ಅದೇನು ಬಯಲಾಟವೇನೇ?" ಆಮೇಲೆ ನಗು ನಿಲ್ಲಿಸಿ, "ಭಾನುವಾರದ ತಂಕ ಮಾಡ್ಕಳಿ," ಅಂದ್ರು.

ಹೇಳಿದಷ್ಟು ಸುಲಭ ಇರಲಿಲ್ಲ. ಆಕೆ ಹಿಂದೆ ಕುಕ್ಕರಗಾಲಲ್ಲಿ ಕೂತು, ಆಕೆ ಮುಂಗೈ ಪಕ್ಕಕ್ಕೆ ನನ್ನ ಮುಂಗೈ ತಂದು, ಆಕೆ ಎಡಗೈ ಎಳೆದಾಗ ನನ್ನ ಎಡಗೈ, ಬಲಗೈ ಎಳೆದಾಗ ಬಲಗೈ. ನಾನು ರೆಪ್ಪೆ ಬಡಿಯೋಷ್ಟು ತಡ. ಹಸುಗೆ ಅಷ್ಟು ಸಾಕು. ಕತ್ತು ತಿರುಗಿಸಿ ನನ್ನ ನೋಡ್ತಿತ್ತು, ಯಾರಮ್ಮ ನೀನು, ಇಲ್ಲೇನು ನಿನ್ನ ಕೆಲಸ ಅನ್ನೋ ಹಾಗೆ. ಅನುಮಾನದಲ್ಲಿ ನನ್ನ ಮೀರಿಸೋಳು ಲೋಕದಲ್ಲಿ ಒಬ್ಬಳಿದ್ರೆ ಅದು ಆ ಹಸು. ಮೊದಲನೇ ದಿನ ನನ್ನ ಮೊಣಕಾಲಿಗೆ ಒದೀತು, ಎರಡನೇ ದಿನ ಚೊಂಬಿಗೆ. ಆಕೆ ಸೂಜಿ ಮಾತು ಎತ್ತಲಿಲ್ಲ, ಯಾರು ಹೇಳಿದ್ದು ಅಂತ ಕೇಳಲಿಲ್ಲ. ಒಂದೇ ಒಂದು ಮಾತು ಅಂದಿದ್ದು: "ನನ್ ಕೈ ನೋಡ್ಬೇಡ ಕಣೇ. ಉಸಿರು ಕೇಳ್ಕ."

ಶನಿವಾರ ಕಣ್ಣು ಮುಚ್ಕೊಂಡೆ. ನನ್ನ ಗಲ್ಲ ಆಕೆ ಬೆನ್ನಿಗೆ ತಾಗ್ತಿತ್ತು. ಉಸಿರು ಬಿಟ್ಟಾಗ ಎಳೀತಾಳೆ, ತಗೊಂಡಾಗ ಸಡಿಲ ಬಿಡ್ತಾಳೆ. ಅದರ ಹಿಂದೇನೇ ಹೋದೆ. ಎಷ್ಟು ಹೊತ್ತಾಯ್ತೋ, ಚೊಂಬಿನ ಸದ್ದು ಬದಲಾಯ್ತು, ಟಣ್ ಟಣ್ ಅಂತಿದ್ದದ್ದು ಬುಸ್ ಬುಸ್ ಅನ್ನೋಕೆ ಶುರುವಾಯ್ತು. ನೊರೆ ಏರ್ತಿದೆ. ಕಣ್ಣು ಬಿಡೋಕೆ ಭಯ ನನಗೆ. ಆವತ್ತು ಏಳೂವರೆ ಲೀಟರ್. ಭಾನುವಾರ ಬಂದ ಹೊಸೂರಿನೋರನ್ನ ಯಜಮಾನ್ರು ಕಾಫಿ ಕೊಟ್ಟು ವಾಪಸ್ ಕಳಿಸಿದ್ರು.

ಹಾಗೆ ನಾಲ್ಕು ವರ್ಷ. ಆಮೇಲಿನ ಕರುಗಳು ಬದುಕಿದ್ರೂ ಚುಕ್ಕಿ ಹಸುಗೆ ಬಳೆ ಸದ್ದೇ ಬೇಕು. ದಿನಕ್ಕೆ ಎರಡು ಹೊತ್ತು, ಹಬ್ಬ ಇಲ್ಲ, ಹರಿದಿನ ಇಲ್ಲ, ಒಂದು ಮದುವೆಗೆ ಹೋಗಿ ಉಳಿಯೋ ಹಾಗಿಲ್ಲ. ಹಸು ಗಬ್ಬ ತುಂಬಿ ಹಾಲು ನಿಲ್ಲಿಸಿದ ತಿಂಗಳುಗಳಲ್ಲಿ ಮಾತ್ರ ರಜ. ನನ್ನ ಬಳೆ ಒಡೆದ್ರೆ ದೊಡ್ಡವ್ವ ತಾವೇ ಅದೇ ಬಣ್ಣದ್ದು ತರಿಸಿ ಕೊಡೋರು. "ತಗ, ಹಸುವಿನ ಬಳೆ," ಅನ್ನೋರು. ಕೊಟ್ಟಿಗೇಲಿ ಅದು ತಮಾಷೆ ಮಾತಾಗಿಹೋಯ್ತು. ಹಾಲಿನ ಟೆಂಪೋದೋನೂ, "ಏನಕ್ಕ, ವಾದ್ಯದೋರು ಬಂದ್ರಾ?" ಅಂತ ರೇಗಿಸೋನು.

ಆದ್ರೆ ನನ್ನ ರೋಗ ಹೋಗಲಿಲ್ಲ. ನಾಲ್ಕು ವರ್ಷ ಆಕೆ ಬೆನ್ನಿಗೆ ಗಲ್ಲ ಕೊಟ್ಟು ಕೂತೆ, ಆಕೆ ಒಂದು ದಿನವೂ ಆ ವಿಚಾರ ಎತ್ತಲಿಲ್ಲ. ಬೈದಿದ್ರೆ ಬೇಕಾಗಿತ್ತು. ಯಾಕೆ ಬೈಯಲ್ಲ? ಮನಸ್ಸಲ್ಲಿ ಇಟ್ಕೊಂಡಿದ್ದಾಳೆ, ಸಮಯ ಕಾಯ್ತಿದ್ದಾಳೆ, ಒಂದಿನ ತೀರಿಸ್ಕೋತಾಳೆ ಅಂತ ಅನ್ನಿಸೋದು. ಆಕೆ ಮಡಚಿ ಕೊಟ್ಟ ಎಲೇನೂ ಒಂದು ಸಲ ಬಿಚ್ಚಿ ನೋಡಿಯೇ ಬಾಯಿಗೆ ಹಾಕ್ಕೊಳ್ತಿದ್ದೆ.

ಚುಕ್ಕಿ ಹಸುಗೆ ವಯಸ್ಸಾಯ್ತು. ಗಬ್ಬ ನಿಲ್ಲಲಿಲ್ಲ, ಹಾಲು ಬತ್ತಿತು. ಒಂದಿನ ಮುದಿ ಹಸು ಕೊಳ್ಳೋರ ಟೆಂಪೋ ಬಂತು. ನಾವಿಬ್ಬರೂ ಆ ಹೊತ್ತಿಗೆ ಜೋಳದ ಹೊಲಕ್ಕೆ ಹೋಗಿಬಿಟ್ವಿ. ಹಸು ಹೋದ್ರೂ ರೂಮು ಆಕೆಗೇ ಉಳೀತು. ಆಮೇಲೆ ಬಂದ ಹಸುಗಳಿಗೆ ಬಳೆ ಬೇಕಿರಲಿಲ್ಲ. ಆಕೆ ತನ್ನ ಕೊನೇಲಿ ಕೂತು ಕರೀತಿದ್ಲು, ನಾನು ನನ್ನ ಕೊನೇಲಿ.

ಅದಾಗಿ ಒಂದು ವರ್ಷದ ಮೇಲೆ ನನ್ನ ಗಂಡ ಕೆಲಸದ ಜಾಗದಲ್ಲೇ ಎದೆ ಹಿಡ್ಕೊಂಡು ಕೂತೋನು ಏಳಲಿಲ್ಲ. ಬೀಗ ಜಗ್ಗಿ ನೋಡೋದಕ್ಕೆ ಬೈಯೋ ಬಾಯೇ ಹೋಯ್ತು.

ಹನ್ನೊಂದನೇ ದಿನ ಬೆಳಗ್ಗೆ ನನ್ನ ಗೋಡೆಗೆ ಒರಗಿಸಿ ಕೂರಿಸಿದ್ರು. ಮುಂದೆ ಒಂದು ಕಲ್ಲು, ಒಂದು ಬಟ್ಟಲು ನೀರು. ದೊಡ್ಡವ್ವನೂ ಬಂದಿದ್ರು. ನಮ್ಮಲ್ಲಿ ಮುತ್ತೈದೆಯರು ಬಳೆಗೆ ಕೈ ಹಾಕೋ ಹಾಗಿಲ್ಲ, ಗಂಡ ಇಲ್ಲದೋಳೇ ತೆಗೀಬೇಕು. ಯಾರೋ ಆಕೇನ ಕರೆದ್ರು. "ನೀನೇ ಬಾರವ್ವ, ನೀನೇ ಹತ್ರದೋಳು."

ಹೆಂಗಸರನ್ನ ಸರಿಸ್ಕೊಂಡು ಆಕೆ ಬರೋದನ್ನ ನೋಡಿದೆ. ಬಂತು ನೋಡು ಅಂದ್ಕೊಂಡೆ. ಐದು ವರ್ಷ ಕಾದಿದ್ದು ಇದಕ್ಕೇ. ತೀರಿಸ್ಕೋ ಅಕ್ಕ, ನಿನ್ನ ಋಣ ಅದು, ತೀರಿಸ್ಕೋ ಅಂತ ಎರಡೂ ಕೈ ಮುಂದೆ ಚಾಚಿದೆ. ಆಕೆ ನನ್ನೆದುರು ಕುಕ್ಕರಗಾಲಲ್ಲಿ ಕೂತ್ಲು, ಹಸು ಕೆಳಗೆ ಕೂರೋ ಹಾಗೇ. ನನ್ನ ಮುಂಗೈ ಹಿಡಿದ್ಲು. ಕಲ್ಲಿನ ಕಡೆ ತರಲಿಲ್ಲ. ಒಂದು ಸಲ ಮೆಲ್ಲಗೆ ಗಲ್ ಅನ್ನಿಸಿದ್ಲು.

"ಇವು ಇವಳವಲ್ಲ," ಅಂದ್ಲು ಎಲ್ಲರಿಗೂ ಕೇಳೋ ಹಾಗೆ. "ಹಸುವಿನವು. ಯಾರೂ ಮುಟ್ಬೇಡಿ."

ಆ ಹಸು ಹೋಗಿ ವರ್ಷದ ಮೇಲಾಗಿತ್ತು. ಅಲ್ಲಿದ್ದೋರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿತ್ತು. ಎಲ್ಲರೂ ದೊಡ್ಡವ್ವನ ಮುಖ ನೋಡಿದ್ರು. ದೊಡ್ಡವ್ವ ತಮ್ಮ ಬರಿಗೈ ಸೆರಗಲ್ಲಿ ಸುತ್ಕೊಂಡ್ರು.

"ಮೂರು ಗಂಟೆಗೆ ಹಾಲು ಕರೀಬೇಕಲ್ಲ," ಅಂದ್ರು ಆಮೇಲೆ. "ಆ ಕಲ್ಲು ತಗೊಂಡೋಗಿ ಆಚೆ ಆಕ್ರೇ."